ಮೂರನೆಯ ದೊಣೆ

ಸಾವಾದ ಮನೆಯವರು ವರ್ಷ ತುಂಬುವ ತನಕ ಗುಡ್ಡ ಹತ್ತಬಾರದು ಎನ್ನುವುದು ನಮ್ಮ ಕಡೆಯ ರೂಢಿ. ಅದು ದೇವರಿರುವ ಗುಡ್ಡಕ್ಕೆ ಮಾತ್ರ, ಬರೀ ಕಲ್ಲುಗುಡ್ಡಕ್ಕೆ ಲೆಕ್ಕವಿಲ್ಲ ಎಂದು ಕೆಲವರು ಹೇಳುತ್ತಾರೆ. ನಾನು ಆ ವಾದಕ್ಕೆ ಹೋಗಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಬಂದ ಮೊದಲ ಸೀತಾಫಲದ ಕಾಲವನ್ನು ಸಿಂಧನೂರಿನಲ್ಲಿ ತಂಗಿಯ ಮನೆಯಲ್ಲೇ ಕಳೆದೆ. ವರ್ಷದ ಕಾರ್ಯ ಮುಗಿಯಿತು, ಬಂದವರು ಊರಿಗೆ ಹೋದರು. ಮತ್ತೆ ಸೀತಾಫಲದ ಬುಟ್ಟಿಗಳು ಬಸ್ ಸ್ಟ್ಯಾಂಡಿನ ಮುಂದೆ ಬಂದು ಕೂತಾಗ, ಈ ಭಾನುವಾರ ಗುಡ್ಡಕ್ಕೆ ಹೋಗುತ್ತೇನೆ ಎಂದು ತಂಗಿಗೆ ಹೇಳಿದೆ.

ನನ್ನ ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸ ಮಾಡುತ್ತಿದ್ದರು. ಹುಟ್ಟಿದ್ದು ಮಾತ್ರ ಮಸ್ಕಿ ಮತ್ತು ಲಿಂಗಸುಗೂರಿನ ನಡುವೆ, ಒಂದು ಗುಡ್ಡಸಾಲಿನ ಬುಡದ ಹಳ್ಳಿಯಲ್ಲಿ. ಈಗ ಆ ಹಳ್ಳಿಯಲ್ಲಿ ಅವರ ಕಡೆಯವರು ಯಾರೂ ಇಲ್ಲ. ಆ ಗುಡ್ಡದ ಮೇಲೆ ಮೂರು ದೊಣೆಗಳಿವೆ. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತು ತಾನೇ ಆದ ಕೊಳಕ್ಕೆ ನಮ್ಮಲ್ಲಿ ದೊಣೆ ಎನ್ನುತ್ತೇವೆ. ಪ್ರತಿ ವರ್ಷ ಮಳೆ ನಿಂತ ಮೇಲೆ, ಅವರಿಗೆ ರಜೆ ಸಿಕ್ಕ ಒಂದು ದಿನ, ಇಬ್ಬರೂ ಮೊದಲ ಬಸ್ಸು ಹಿಡಿದು ಹೋಗುತ್ತಿದ್ದೆವು. ಈ ಕಡೆಯಿಂದ ಹತ್ತಿ, ಮೂರೂ ದೊಣೆ ನೋಡಿ, ಆ ಕಡೆ ಇಳಿದು, ಬುಡ ಸುತ್ತಿ ಹತ್ತಿದ ಕಡೆಗೇ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು.

"ದಿನಾ ಭೂಮಿ ಒಳಗ ಇಳಿಯಾಂವ ನಾನು," ಎನ್ನುತ್ತಿದ್ದರು. "ವರ್ಷಕ್ಕ ಒಂದ್ಸಲ ಆದ್ರೂ ಮ್ಯಾಲ ಹತ್ತಬೇಕು. ಇಲ್ಲಂದ್ರ ಆಕಾಶ ನನ್ನ ಗುರ್ತಾ ಹಿಡಿಯಂಗಿಲ್ಲ."

ಮೊದಲ ಎರಡು ದೊಣೆಗಳು ಊರಿಗೆಲ್ಲ ಗೊತ್ತು. ಮೂರನೆಯದಕ್ಕೆ ಹೆಸರೂ ಇಲ್ಲ. ಚಿಕ್ಕಂದಿನಲ್ಲಿ ಕುರಿ ಮೇಯಿಸುವಾಗ ಅವರಿಗೆ ಸಿಕ್ಕಿದ್ದು ಅದು. ನಾನು ಅಲ್ಲಿಗೆ ಎಷ್ಟೋ ವರ್ಷ ಹೋಗಿದ್ದೆ, ಆದರೂ ದಾರಿ ಗೊತ್ತಿರಲಿಲ್ಲ. ಅವರು ಮುಂದೆ, ನಾನು ಹಿಂದೆ. ಕಣ್ಣೆತ್ತಿದರೆ ಕಾಲು ಜಾರುವ ಜಾಗ. "ಆಕಡಿ ಈಕಡಿ ನೋಡಬ್ಯಾಡ, ನನ್ನ ಹಿಮ್ಮಡ ನೋಡ್ಕೋತ ಬಾ" ಎನ್ನುತ್ತಿದ್ದರು. ನಾನು ನೋಡಿದ್ದು ಅವರ ಹಿಮ್ಮಡಿಗಳನ್ನೇ.

ಅವರು ಹೋದ ಮೇಲೆ ಗಣಿಯ ಕ್ವಾರ್ಟರ್ಸ್ ಬಿಟ್ಟುಕೊಡಬೇಕಾಯಿತು. ಬಟ್ಟೆಗಳನ್ನು ಕೊಟ್ಟೆ. ಸಿಂಧನೂರಿನ ಒಂದು ಶಾಲೆಯಲ್ಲಿ ಬಿಸಿಯೂಟದ ಕೆಲಸ ಸಿಕ್ಕಿತು. ಅವೆಲ್ಲ ನನಗೆ ಅರ್ಥವಾಗುವ ಸಂಗತಿಗಳು. ಆದರೆ ಬದನೆಕಾಯಿ ಹೆಚ್ಚುತ್ತ ಕೂತಾಗ, ನೀರು ತುಂಬಿಕೊಂಡಿರುವ ಒಂದು ಜಾಗವೇ ಒಬ್ಬ ಮನುಷ್ಯನ ಜೊತೆಗೆ ಹೋಗಿಬಿಟ್ಟಿತಲ್ಲ ಎನ್ನುವುದು ಮಾತ್ರ ಅರ್ಥವಾಗುತ್ತಿರಲಿಲ್ಲ. ಒಮ್ಮೆ ನಾನೇ ಹುಡುಕಬೇಕು ಎನಿಸಿತು. ಸಿಗದಿದ್ದರೆ ಮತ್ತೆ ಆ ಗುಡ್ಡದ ಕಡೆ ಹೋಗುವುದಿಲ್ಲ ಎಂದುಕೊಂಡಿದ್ದೆ.

"ಅಕ್ಕಾ, ಒಬ್ಬಾಕಿನೇ ಹೊಂಟೀಯಲ್ಲ, ಅಲ್ಲೇನು ಇಟ್ಟೈತಿ ನಿಂದು?" ಎಂದಳು ತಂಗಿ, ರೊಟ್ಟಿ ಕಟ್ಟುತ್ತ.

"ನೀರು."

"ನೀರು ನಮ್ಮ ಕಾಲುವ್ಯಾಗ ಇಲ್ಲೇನು? ದಿನಾ ದಾಟಿ ಸಾಲಿಗಿ ಹೊಕ್ಕಿ."

ಅವಳು ಶೇಂಗಾ ಹಿಂಡಿಯ ಡಬ್ಬಿಯನ್ನು ಚೀಲಕ್ಕೆ ಹಾಕಿ, "ಫೋನ್ ಹತ್ತಂಗಿಲ್ಲಲ್ಲ ಅಲ್ಲಿ" ಎಂದು ತನಗೆ ತಾನೇ ಹೇಳಿಕೊಂಡಳು.

ಮಸ್ಕಿಯಲ್ಲಿ ಬಸ್ಸು ಬದಲಿಸಿ ಹಳ್ಳಿಯ ಕ್ರಾಸಿನಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಹತ್ತಿ ಹೊಲಗಳ ನಡುವೆ ನಡೆದು ಗುಡ್ಡದ ಬುಡಕ್ಕೆ ಬಂದೆ. ಮೊದಲ ದೊಣೆಯ ತನಕ ಕುರಿಗಳು ತುಳಿದ ಕಾಲುದಾರಿ ಇದೆ. ಅಲ್ಲಿ ಸೀತಾಫಲ ಕೀಳುವ ಇಬ್ಬರು ಹೆಂಗಸರು ಬುಟ್ಟಿ ಇಳಿಸಿ ಕೂತಿದ್ದರು. ಒಬ್ಬಳು ವಯಸ್ಸಾದವಳು, ಇನ್ನೊಬ್ಬಳು ಅವಳ ಸೊಸೆ. ಹಿರಿಯಳು ನನ್ನ ಹಣೆ ನೋಡಿದಳು, ಏನೂ ಕೇಳದೆ ಕೂರಲು ಜಾಗ ಕೊಟ್ಟಳು. ಮೇಲಿನ ದೊಣೆಗೆ ಹೋಗುತ್ತೇನೆ ಎಂದೆ.

"ಒಬ್ಬಾಕಿನೇ?" ಸೊಸೆ ನಕ್ಕಳು. "ಕರಡಿಗಿ ಇವತ್ತು ಹಬ್ಬ ಬಿಡು."

"ನಿನ್ನ ಬಾಯಿಗಿ ಬೀಗ ಹಾಕಬೇ," ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದಳು. "ಆಕಿ ಹೇಳೋದು ಸುಳ್ಳಲ್ಲ ಯವ್ವಾ. ಹಣ್ಣಿನ ಕಾಲ, ಕಲ್ಲಿನ ಸಂದ್ಯಾಗ ಮಲಗಿರತಾವು. ಮನಷ್ಯಾರ ದನಿ ಕೇಳಿದ್ರ ತಾವೇ ಎದ್ದು ಹೊಕ್ಕಾವು. ಸುಮ್ನ ಹೋಗಿ ಮ್ಯಾಲ ಬಿದ್ರ ಬಿಡಂಗಿಲ್ಲ. ಮಾತಾಡ್ಕೋತ ಹೋಗು."

"ಯಾರ ಕೂಡ ಮಾತಾಡ್ಲಿ?"

"ಯಾರ ಕೂಡರ ಆಗಲಿ. ಎಮ್ಮಿ ಹಿಂಡಾವಾಗ ಮಾತಾಡಂಗಿಲ್ಲೇನು? ಎಮ್ಮಿ ಏನು ಉತ್ತರಾ ಕೊಡತೈತಿ?"

"ನಮ್ಮತ್ತಿ ಎಮ್ಮಿ ಕೂಡ ಮಾತಾಡಿದಷ್ಟು ನನ್ನ ಕೂಡ ಮಾತಾಡಿಲ್ಲ," ಎಂದಳು ಸೊಸೆ.

"ಎಮ್ಮಿ ಎದುರು ಮಾತಾಡಂಗಿಲ್ಲ, ಅದಕ್ಕ."

ಮೂವರೂ ನಕ್ಕೆವು. ಅವರು ಕೊಟ್ಟ ಹಣ್ಣು ತಿಂದು ಮೇಲೆ ಹೊರಟೆ. ಅವರ ಮಾತು ಸ್ವಲ್ಪ ದೂರ ಕೇಳಿಸಿತು, ಆಮೇಲೆ ಇಲ್ಲ.

ಎರಡನೆಯ ದೊಣೆಗೆ ಹೋಗುವಾಗ ಕೈಯೂರಿ ಹತ್ತುವ ಜಾಗಗಳು ಶುರುವಾಗುತ್ತವೆ. ಸೀರೆ ಎತ್ತಿ ಕಚ್ಚೆ ಹಾಕಿಕೊಂಡೆ. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದು, ನಡುವೆ ಕತ್ತಲೆಯ ಸಂದುಗಳು. ಮೊದಲ ಸಂದಿನ ಬಾಯಲ್ಲಿ ನಿಂತೆ. ಮಾತಾಡಬೇಕು, ಏನು ಮಾತಾಡಲಿ? ನಾವಿಬ್ಬರೂ ಬರುವಾಗ ಇದು ಒಂದು ಕೆಲಸವೇ ಅನಿಸಿರಲಿಲ್ಲ. ಗಣಿಯ ಸುದ್ದಿ, ನೆರೆಮನೆಯ ಜಗಳ, ಉಪ್ಪು ಹೆಚ್ಚಾದ ಸಾರು, ಏನಾದರೊಂದು ಇರುತ್ತಿತ್ತು. ಒಂದು ವರ್ಷದಿಂದ ನಾನು ಅಗತ್ಯಕ್ಕಿಂತ ಹೆಚ್ಚು ಮಾತಾಡಿದ್ದೇ ಇಲ್ಲ ಎನ್ನುವುದು ಅಲ್ಲಿ ತಿಳಿಯಿತು.

ಶಾಲೆಯ ಅಡುಗೆಯಿಂದ ಶುರು ಮಾಡಿದೆ. "ಸೋಮವಾರ ಅನ್ನ ಸಾರು," ಎಂದೆ. ಬಂಡೆಗೆ ಬಡಿದು ನನ್ನ ದನಿಯೇ ನನಗೆ ಬೇರೆ ಯಾರದೋ ಎಂಬಂತೆ ಕೇಳಿತು. "ಅಕ್ಕಿಯಾಗ ಹುಳ ಬಂದಿದ್ವು. ಬಿಸಲಿಗಿ ಹಾಕಿದಿವಿ." ಸಂದು ದಾಟಿದೆ. ಕರಡಿ ಇರಲಿಲ್ಲ. ಮುಂದಿನ ಸಂದಿನಲ್ಲಿ ತಂಗಿಯ ಮನೆಯ ಸುದ್ದಿ ಹೇಳಿದೆ. ಎರಡನೆಯ ದೊಣೆ ಬಂದಾಗ ಅದರ ತುಂಬ ಕಮಲದ ಎಲೆಗಳಿದ್ದವು. ದಡದಲ್ಲಿ ಕೂತು ಒಂದು ರೊಟ್ಟಿ ತಿಂದೆ.

ಅಲ್ಲಿಂದ ಮೇಲೆ ಕಾಲುದಾರಿ ಇಲ್ಲ. ಎಡಕ್ಕೆ ಹೋಗುತ್ತಿದ್ದೆವೋ ಬಲಕ್ಕೋ ನೆನಪಿಲ್ಲ. ಕಣ್ಣೆತ್ತಿ ನೋಡಿದರೆ ಎಲ್ಲ ಬಂಡೆಯೂ ಒಂದೇ. ಅಷ್ಟರಲ್ಲಿ ಸ್ವಲ್ಪ ದೂರದ ಹಾಸುಗಲ್ಲಿನ ಮೇಲೆ, ಕಲ್ಲ ಮೇಲೆ ಕಲ್ಲಿಟ್ಟ ಗುರುತು ಕಂಡಿತು. ಅದರಾಚೆ ಇನ್ನೊಂದು. ಕುರಿಯವರು ದಾರಿಗೆಂದು ಇಟ್ಟಿದ್ದು ಎಂದುಕೊಂಡು ಅವುಗಳ ಹಿಂದೆ ನಡೆದೆ. ದಾರಿ ಸಲೀಸಾಗಿತ್ತು, ಖುಷಿಯೂ ಆಯಿತು. ಬಹಳ ಹೊತ್ತು ಹೋದ ಮೇಲೆ ಗುರುತುಗಳು ಒಂದೇ ಕಡೆ ಗುಂಪಾಗಿ ನಿಂತಿದ್ದವು, ಚಿಕ್ಕ ಊರಿನ ಹಾಗೆ. ಕೆಲವಕ್ಕೆ ಚಪ್ಪಟೆ ಕಲ್ಲಿನ ಮಾಳಿಗೆಯೂ ಇತ್ತು. ಆಗ ತಿಳಿಯಿತು. ಅವು ದಾರಿಯ ಗುರುತುಗಳಲ್ಲ. ಸ್ವಂತ ಮನೆ ಆಗಲಿ ಎಂದು ಬೇಡಿಕೊಂಡು ಜನ ಕಟ್ಟಿದ ಹರಕೆಯ ಮನೆಗಳು. ಯಾರದೋ ಆಸೆಯನ್ನು ದಾರಿ ಎಂದು ತಿಳಿದು ಅಷ್ಟು ದೂರ ಬಂದಿದ್ದೆ. ಅವುಗಳ ಮುಂದೆ ಗುಡ್ಡ ಕಡಿದಾಗಿ ಕೆಳಗಿಳಿದಿತ್ತು. ಕೆಳಗೆ ಹೊಲಗಳು, ದೂರದಲ್ಲಿ ಲಿಂಗಸುಗೂರಿನ ರಸ್ತೆ, ಅದರ ಮೇಲೆ ಸದ್ದಿಲ್ಲದೆ ಹೋಗುವ ಲಾರಿಗಳು.

ಸೂರ್ಯ ನೆತ್ತಿ ದಾಟಿದ್ದ. ನೀರು ಅರ್ಧ ಬಾಟಲಿ ಇತ್ತು. ಬಂದ ದಾರಿಯಲ್ಲೇ ಇಳಿದುಬಿಟ್ಟರೆ ಬಸ್ಸು ಸಿಗುತ್ತದೆ. ಆದರೆ ಹಾಗೆ ಇಳಿದರೆ, ಮೂರನೆಯ ದೊಣೆ ಇಲ್ಲವೆಂದೇ ಆಗುತ್ತದೆ. ಕಮಲದ ದೊಣೆಯ ತನಕ ವಾಪಸ್ಸು ಬಂದೆ.

ಅಲ್ಲಿ ನಾನು ತಲೆ ತಗ್ಗಿಸಿದ್ದು ಸುಸ್ತಿಗೆ. ಹಾಗೇ ನಾಲ್ಕು ಹೆಜ್ಜೆ ಇಟ್ಟಾಗ, ಬಂಡೆಯ ಮೇಲೆ ಒಂದು ಬಿಳಿಗೆರೆ ಕಂಡಿತು. ಕರಿಕಲ್ಲಿನೊಳಗೆ ಬೆಣಚುಕಲ್ಲನ್ನು ಹೊಲಿದ ಹಾಗೆ ಹೊಳೆಯುವ ಗೆರೆ. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ, ಎರಡು ಹಿಮ್ಮಡಿಗಳ ನಡುವೆ. "ಇಂಥಾ ಗೆರಿ ಬೆನ್ನ ಹತ್ತೇ ನಾವು ಕೆಳಗ ಬಂಗಾರ ಹುಡುಕೋದು" ಎಂದು ಅವರು ಒಮ್ಮೆ ಹೇಳಿದ್ದರು. ಮೇಲೆ ನೋಡುವುದನ್ನು ಬಿಟ್ಟೆ. ನೆಲ ನೋಡಿಕೊಂಡೇ ನಡೆದೆ. ಗೆರೆ ಮುಗಿದ ಕಡೆ ಒಡೆದ ಹಾಸುಗಲ್ಲು, ಅದು ಗೊತ್ತಿತ್ತು. ಆಮೇಲೆ ಕುರಿಹಿಕ್ಕೆ ಕೂಡಿದ ಮಣ್ಣಿನ ಮೆಟ್ಟಿಲು, ಅದೂ ಗೊತ್ತಿತ್ತು. ಒಂದು ಕಡೆ ಬಂಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ಸರಿಯಬೇಕು. ಅಲ್ಲಿ ಅವರು ಕೈ ಕೊಡುತ್ತಿದ್ದರು. ಚೀಲವನ್ನು ಮೊದಲು ಆಚೆ ಎಸೆದು, ಎರಡೂ ಅಂಗೈಯನ್ನು ಕಲ್ಲಿಗೆ ಒತ್ತಿ ಸರಿದೆ. ರವಿಕೆಯ ಬೆನ್ನು ಹರಿಯಿತು.

ಕೊನೆಯ ಸಂದು ಎಲ್ಲಕ್ಕಿಂತ ಉದ್ದ. ಒಳಗೆ ತಂಪು, ಏನೋ ವಾಸನೆ. ಹೇಳಲು ಅಡುಗೆಯ ಸುದ್ದಿ ಮುಗಿದಿತ್ತು, ತಂಗಿಯ ಸುದ್ದಿಯೂ ಮುಗಿದಿತ್ತು. ಹಾಗಾಗಿ ಉಳಿದದ್ದನ್ನು ಹೇಳಿದೆ. "ಕ್ವಾರ್ಟರ್ಸ್‌ನಾಗ ಹೊಸಬ್ರು ಬಂದಾರ್ರೀ. ನಿಮ್ಮ ನುಗ್ಗಿ ಗಿಡಾ ಕಡದಾರ. ನಾ ಹೋಗಿದ್ದೆ ನೋಡಾಕ. ಆ ಹುಡುಗಿ ಒಳಗ ಕರದು ಚಾ ಕೊಟ್ಳು. ಗಿಡದ ಮಾತು ನಾ ಎತ್ತಲಿಲ್ಲ." ನಡೆಯುತ್ತಿದ್ದೆ, ಕೈಯಲ್ಲಿ ಗೋಡೆ ಸವರುತ್ತಿದ್ದೆ. "ತಂಗಿ ಚಲೋ ನೋಡ್ಕೊಂತಾಳ. ಖರೇ ಅಂದ್ರ, ಆಕಿ ಮನ್ಯಾಗ ನಾ ನಿದ್ದಿ ಮಾಡಿಲ್ಲ. ಹೊಳ್ಳಿದ್ರ ಯಾರರ ಎಚ್ಚರ ಆದಾರು ಅಂತ ಒಂದೇ ಮಗ್ಗಲಾಗಿ ಮಲಗ್ತೀನಿ." ಇದನ್ನು ನಾನು ನನಗೂ ಹೇಳಿಕೊಂಡಿರಲಿಲ್ಲ. ದನಿ ದೊಡ್ಡದಾಗಿತ್ತು. ಕರಡಿಗಾಗಿ ಎಂದು ಮಾತಾಡುತ್ತಿದ್ದೆನಾದ್ದರಿಂದ ನಾಚಿಕೆ ಆಗಲಿಲ್ಲ.

ಸಂದು ಮುಗಿದು ಬೆಳಕು ಬಂತು. ದೊಣೆ ಅಲ್ಲೇ ಇತ್ತು.

ರಾಶಿ ಮಾಡುವ ಒಂದು ಕಣದಷ್ಟು ಅಗಲ. ಮೂರು ಕಡೆ ಬಂಡೆ, ಒಂದು ಕಡೆ ಆಕಾಶ. ತಿಳಿನೀರು, ತಳದ ಉಸುಕು ಕಾಣುತ್ತಿತ್ತು. ಇಲ್ಲಿ ಕಾಲು ಅದ್ದಬಾರದು ಎನ್ನುವುದು ಕುರಿಯವರ ಪದ್ಧತಿ. ಚಪ್ಪಲಿ ದೂರ ಬಿಟ್ಟು, ಮಂಡಿಯೂರಿ, ಬೊಗಸೆಯಲ್ಲಿ ಕುಡಿದೆ. "ಸಿಕ್ತು ನೋಡ್ರಿ," ಎಂದೆ.

ಅದರಾಚೆ ಗುಡ್ಡ ಬಯಲಾಗುತ್ತದೆ. ಸಂದುಗಳಿಲ್ಲ, ಬರೀ ಇಳಿಜಾರಿನ ಹಾಸುಬಂಡೆ. ಕರಡಿಯ ಭಯವಿಲ್ಲ. ಇಲ್ಲಿಂದೆದ್ದರೆ ಮಾತಾಡಲು ನೆವವಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಎದ್ದೇಳಲು ಮನಸ್ಸಾಗಲಿಲ್ಲ. ಒಂದು ವರ್ಷ ಪೂರ್ತಿ, ಅವರೂ ಈ ದೊಣೆಯೂ ಒಟ್ಟಿಗೆ ಹೋಗಿದ್ದಾರೆ ಎಂದುಕೊಂಡಿದ್ದೆ. ಎಲ್ಲೋ ಜೊತೆಯಲ್ಲಿದ್ದಾರೆ ಎನ್ನುವಂತೆ. ಈಗ ದೊಣೆ ಇಲ್ಲಿದೆ. ಮುಂದಿನ ವರ್ಷವೂ ಇರುತ್ತದೆ, ದಾರಿಯೂ ಗೊತ್ತಾಯಿತು. ಹೋದವರು ಅವರೊಬ್ಬರೇ.

ಗಾಳಿ ಬಂದು ನೀರು ಸ್ವಲ್ಪ ಅಲುಗಿತು, ಮತ್ತೆ ನಿಂತಿತು. ನೆರಳು ದೊಣೆಯ ಅರ್ಧಕ್ಕೆ ಬಂದಾಗ ಬಾಟಲಿ ತುಂಬಿಕೊಂಡು ಎದ್ದೆ. ಹಾಸುಬಂಡೆಯ ಮೇಲೆ ಕೂತು, ಕೈಯೂರಿ, ಜಾರಿ ಜಾರಿ ಇಳಿದೆ. ಒಂದು ಮಾತೂ ಆಡಲಿಲ್ಲ. ಬುಡಕ್ಕೆ ಬಂದು ತೊಗರಿ ಹೊಲದ ಬದುವಿನ ಮೇಲೆ ನಡೆಯುವಾಗ ತಂಗಿಯ ಫೋನು ಬಂತು.

"ಎಲ್ಲಿದ್ದಿ? ಸಿಕ್ತೇನು?"

"ಸಿಕ್ತು."

"ಮತ್ತ ದನಿ ಯಾಕ ಹಂಗಾಗೇತಿ? ಯಾರರ ಇದ್ರೇನು ಅಲ್ಲಿ?"

"ಯಾರೂ ಇದ್ದಿಲ್ಲ," ಎಂದೆ. ಗುಡ್ಡದ ನೆರಳು ಹೊಲ ದಾಟಿ ರಸ್ತೆಯ ತನಕ ಹೋಗಿತ್ತು. ಕ್ರಾಸು ಇನ್ನೂ ದೂರವಿತ್ತು. "ಇವತ್ತು ನಾ ಪಡಸಾಲ್ಯಾಗ ಮಲಗ್ತೀನಿ," ಎಂದು ಅವಳಿಗೆ ಹೇಳಿದೆ. "ಹೊಳ್ಳಾಡಾಕ ಜಾಗ ಬೇಕು ನನಗ."