ಖಂಡೇಪೂಜೆಗೆ ಕರೆಸಿದ ಹಾರ್ಡ್ ಡಿಸ್ಕ್

ನಮ್ಮ ಅಪ್ಪನಿಗೆ ಲಕ್ವಾ ಹೊಡೆದಾಗ ಬಲಗೈ, ಬಲಗಾಲು, ಬೈಗುಳ ಮೂರೂ ಒಟ್ಟಿಗೆ ಹೋದವು. ಕೈಕಾಲು ಎಣ್ಣೆ ತಿಕ್ಕಿಸಿಕೊಂಡು ಹಾಗೂ ಹೀಗೂ ಅರ್ಧದಾರಿ ಹಿಂದಕ್ಕೆ ಬಂದವು. ಬೈಗುಳ ಬರಲಿಲ್ಲ. ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ ಹತ್ತಿಯ ಲಿಲಾವು, ಅಂದರೆ ಹರಾಜು, ಕೂಗುತ್ತಿದ್ದ ಮನುಷ್ಯ ಅವನು. ದನಿ ಎತ್ತಿದರೆ ಹೊರಗೆ ಚಕ್ಕಡಿಯ ಎತ್ತುಗಳೂ ಮೇವು ಬಿಟ್ಟು ನೋಡುತ್ತಿದ್ದವು. ಅಂಥವನು ಈಗ ನೀರು ಬೇಕಾದರೆ "ಅದು" ಅನ್ನುತ್ತಿದ್ದ, ಚಹಾ ಬೇಕಾದರೂ "ಅದು", ಎರಡೂ ಬೇಡವಾದರೆ ಅದಕ್ಕೂ "ಅದು".

ಅವ್ವನ ದುಃಖ ಮಾತ್ರ ಬೇರೆಯೇ ಇತ್ತು. ನಮ್ಮ ಮನೆಗಳಲ್ಲಿ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ, ಕರೆದರೆ ಓಣಿಯವರು ಹುಬ್ಬೇರಿಸುತ್ತಾರೆ. ಅಪ್ಪನೂ ಮದುವೆಯಾದಾಗಿನಿಂದ ಅವ್ವನ ಹೆಸರು ಹೇಳಿದವನಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ "ಏ, ಎಲ್ಲೆ ಸತ್ತಿ?" ಎಂದು ಕೂಗುತ್ತಿದ್ದ, ಅವ್ವ ಒಳಗಿನಿಂದ "ಇಲ್ಲೇ ಸತ್ತೇನ್ರಿ" ಎನ್ನುತ್ತಿದ್ದಳು. ಅವರ ಸಂಸಾರ ನಡೆದದ್ದೇ ಹಾಗೆ.

"ನೀರು ಕೇಳತಾರ, ಮಾತ್ರಿ ಕೇಳತಾರ," ಎಂದಳು ಅವ್ವ ಒಂದು ದಿನ ಮೆಂತ್ಯಪಲ್ಲೆ ಸೋಸುತ್ತ. "ನಾ ಎಲ್ಲೆ ಸತ್ತೇನಿ ಅಂತ ಒಮ್ಮಿನೂ ಕೇಳಿಲ್ಲ ನೋಡ. ನಾ ಯಾರಂತನೂ ಮರತಾರೋ ಏನೋ."

ಅಷ್ಟು ಹೇಳಿ ಸೊಪ್ಪಿನ ಕಡ್ಡಿಗಳನ್ನೆಲ್ಲ ಪಲ್ಲೆಯ ಬುಟ್ಟಿಗೆ ಹಾಕಿದಳು, ಎಲೆಗಳನ್ನೆಲ್ಲ ಕಸಕ್ಕೆ. ದುಃಖ ತೋರಿಸುವ ರೂಢಿ ನನಗಿಲ್ಲ. "ಪಲ್ಲೆ ನೋಡಬೇ ಯವ್ವಾ, ಮಾರಿ ಮ್ಯಾಲೆ ಕಣ್ಣ ಅದಾವಿಲ್ಲೋ" ಎಂದು ರೇಗಿ ಎದ್ದುಹೋದೆ.

ಧಾರವಾಡದಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಬ್ಬಳಿದ್ದಳು. ಅಪ್ಪನ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಬಾಯಿ ನೋಡಿ, ಕೊನೆಗೆ ನನಗೆ ಹೇಳಿದಳು: "ಮನಿ ಮಂದಿ ಫೋಟೋ ತೋರಸ್ರಿ. ದಿನಾ ಅವೇ ಫೋಟೋ, ಬದಲ ಮಾಡಬ್ಯಾಡ್ರಿ. ಇವರು ಯಾರು ಅಂತ ಕೇಳ್ರಿ. ಅವಸರ ಮಾಡಿ ನೀವೇ ಹೇಳಬ್ಯಾಡ್ರಿ."

ಅವಸರ ಮಾಡಬೇಡಿ ಎಂದು ನನಗೆ ಹೇಳುವುದೂ ಒಂದೇ, ಎಮ್ಮೆಗೆ ಕೆಸರು ಬೇಡ ಅನ್ನುವುದೂ ಒಂದೇ. ಆದರೂ ಒಪ್ಪಿದೆ. ನಾನು ಒಂದು ಸೊಸೈಟಿಯಲ್ಲಿ ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವಳು, ಅಪ್ಪ ಅವ್ವನ ಜೊತೆಗೇ ಇರುವವಳು, ಮದುವೆ ವಿಷಯ ಎತ್ತಿದ ನೆಂಟರಿಗೆ ಚಹಾ ಕೊಡದವಳು. ಫೋಟೋ ಕೂಡಿಸುವ ಕೆಲಸ ಬೇರೆ ಯಾರ ತಲೆಗೆ ಬರಬೇಕು?

ಅಪ್ಪನ ಫೋನು, ನನ್ನ ಫೋನು, ನೇಸರಗಿಯ ಅತ್ತಿಯ ಫೋನು, ಸುರೇಬಾನದ ಕಾಕಾನ ಫೋನು, ಎಲ್ಲವನ್ನೂ ತಂದು ಮನೆಯ ಕಂಪ್ಯೂಟರಿಗೆ ಸುರಿದೆ. ಶಿವ ಶಿವಾ! ಫೋಟೋಗಿಂತ ಹೆಚ್ಚು ಇದ್ದದ್ದು ಗುಲಾಬಿ ಹೂವಿನ ಮೇಲೆ ಬರೆದ ಶುಭೋದಯಗಳು. ಅತ್ತಿಯ ಫೋನಿನಲ್ಲಿ ಒಂದೇ ಕರುವಿನ ಫೋಟೋ ಎಷ್ಟೊಂದು ಇದ್ದವೆಂದರೆ, ಆ ಕರುವಿನ ಮದುವೆಗೆ ಗಂಡು ಹುಡುಕುತ್ತಿದ್ದಾಳೇನೋ ಅನ್ನಿಸಿತು. ಕಾಕಾನ ಫೋನಿನಲ್ಲಿ ಬರೀ ಕಬ್ಬು. ನೆಟ್ಟ ಕಬ್ಬು, ಬೆಳೆದ ಕಬ್ಬು, ಕಡಿದ ಕಬ್ಬು, ಮತ್ತು ಕಬ್ಬಿನ ಮುಂದೆ ಮೀಸೆ ಹುರಿ ಮಾಡಿಕೊಂಡು ನಿಂತ ಕಾಕಾ. ಇವನ್ನೆಲ್ಲ ಜರಡಿ ಹಿಡಿದು, ಮುಖ ನೆಟ್ಟಗೆ ಕಾಣುವವನ್ನು ಆರಿಸಿ ಅಪ್ಪನಿಗೆಂದೇ ಬೇರೆ ಇಟ್ಟೆ.

ಅವುಗಳಲ್ಲಿ ಅವ್ವನದೂ ಒಂದಿತ್ತು. ಸವದತ್ತಿಯ ಹತ್ತಿರ ನವಿಲುತೀರ್ಥದ ಡ್ಯಾಮು ನೋಡಲು ಹೋದಾಗ ಅಪ್ಪನೇ ತೆಗೆದದ್ದು. ಅವ್ವ ಕಟ್ಟೆಯ ಮೇಲೆ ಕೂತು ಚುರುಮುರಿಯ ಗಿರಮಿಟ್ ತಿನ್ನುತ್ತಿದ್ದಾಳೆ, ಬಾಯಿ ತುಂಬಿ ಗಲ್ಲ ಉಬ್ಬಿದೆ, ಕಣ್ಣು ಅಪ್ಪನ ಮೇಲೆ ಸಿಟ್ಟಾಗಿದೆ, ಮೂಲೆಯಲ್ಲಿ ಅಪ್ಪನ ಹೆಬ್ಬೆರಳು. ಅವ್ವನ ಬೇರೆ ಫೋಟೋಗಳಿದ್ದವು, ನಿಜ. ಎಲ್ಲದರಲ್ಲೂ ಅವಳು ಮತದಾರರ ಚೀಟಿಯ ಫೋಟೋಕ್ಕೆ ನಿಂತವಳ ಹಾಗೆ ನಿಂತಿದ್ದಳು.

ನಂತರ ಶುರುವಾಯಿತು ನನ್ನ ಪ್ರತಿ ಮಾಡುವ ಹುಚ್ಚು. ಸೊಸೈಟಿಯಲ್ಲಿ ಒಮ್ಮೆ ಕಂಪ್ಯೂಟರ್ ಕೈಕೊಟ್ಟು ನಾವೆಲ್ಲ ಅನುಭವಿಸಿದ್ದೆವು, ಹಾಗಾಗಿ ಈ ವಿಷಯದಲ್ಲಿ ನಾನು ಯಾರನ್ನೂ ನಂಬುವುದಿಲ್ಲ. ಎರಡು ಹಾರ್ಡ್ ಡಿಸ್ಕ್ ತಂದೆ. ಕಟ್ ಮಾಡಿ ಅಂಟಿಸಬಾರದು, ಕಾಪಿಯೇ ಮಾಡಬೇಕು. ನಡುವೆ ಕರೆಂಟ್ ಹೋದರೆ ಕಟ್ ಮಾಡಿದ್ದು ಅಲ್ಲೂ ಇಲ್ಲ ಇಲ್ಲೂ ಇಲ್ಲ. ಕಾಪಿ ಆದಮೇಲೆ ಅಲ್ಲಲ್ಲಿ ಫೋಟೋ ತೆರೆದು, ಮುಖಕ್ಕೆ ಮುಖ ಇದೆಯೋ ಅರ್ಧಕ್ಕೆ ಬೂದಿಬಣ್ಣ ಬಂದಿದೆಯೋ ನೋಡಬೇಕು. ಕೆಲಸ ಮುಗಿಯಿತು ಎಂದು ಕಂಪ್ಯೂಟರಿಗೆ ತಿಳಿಸಿಯೇ ವಾಯರ್ ಕೀಳಬೇಕು, ಹಲ್ಲು ಕಿತ್ತ ಹಾಗೆ ಕೀಳಬಾರದು. ಇದನ್ನೆಲ್ಲ ನಾನು ಅವ್ವನಿಗೆ ದಿನಾ ಒದರುತ್ತಿದ್ದೆ. ಅವ್ವ ಆ ಡಿಸ್ಕಿಗೆ "ಡಬ್ಬಿ" ಎಂದು ಹೆಸರಿಟ್ಟು, ಮೇಲೆ ಧೂಳು ಕೂರದ ಹಾಗೆ ಕ್ರೋಶಾದಲ್ಲಿ ಹೆಣೆದ ಕುಲಾಯಿ ಹಾಕಿದಳು.

ಒಂದು ಡಬ್ಬಿ ನಮ್ಮ ಕಪಾಟಿನಲ್ಲಿ. ಇನ್ನೊಂದು ರಾಮದುರ್ಗದಲ್ಲಿ, ಅಕ್ಕನ ಗಂಡನ ಮನೆಯಲ್ಲಿ. ಎರಡು ಪ್ರತಿ ಒಂದೇ ಮನೆಯಲ್ಲಿದ್ದರೆ ಮನೆಗೆ ಬಂದ ಕೇಡು ಎರಡಕ್ಕೂ ಬರುತ್ತದೆ ಎಂದು ಅಕ್ಕನಿಗೆ ಒತ್ತಿ ಹೇಳಿ ಕೊಟ್ಟಿದ್ದೆ. ಅಕ್ಕ ಭಾರಿ ಜವಾಬ್ದಾರಿಯವಳು. ನಮ್ಮ ಅಜ್ಜಿ ಬಂಗಾರ ಬಚ್ಚಿಡುತ್ತಿದ್ದ ಹಾಗೆ ಅದನ್ನು ಜೋಳದ ಡ್ರಮ್ಮಿನ ತಳಕ್ಕೆ ಹೂತು, ಮೇಲೆ ಹುಳ ಬೀಳದಿರಲಿ ಎಂದು ಬೇವಿನ ಎಲೆಯನ್ನೂ ಹಾಕಿದಳು. ಫೋನಿನಲ್ಲಿ ಇದನ್ನು ಕೇಳಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇರಲಿ, ಕಳ್ಳ ಬಂದರೂ ಮೊದಲು ರೊಟ್ಟಿ ಮಾಡಿಯೇ ಡಿಸ್ಕ್ ಮುಟ್ಟಬೇಕು ಎಂದು ಸುಮ್ಮನಾದೆ.

ಇತ್ತ ಅಪ್ಪನ ಪಾಠ ನಡೆದಿತ್ತು. ಮೊದಮೊದಲು ಎಲ್ಲರೂ "ಅದು." ಆಮೇಲೆ ಒಂದು ಮುಂಜಾನೆ ಅಕ್ಕನ ಫೋಟೋ ನೋಡಿ "ಮಗಳು" ಎಂದ. ನನ್ನದು ನೋಡಿ "ಸಿಟ್ಟು" ಎಂದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಬ್ಬಿನ ಮುಂದಿನ ಕಾಕಾ ಬಂದಾಗಲಂತೂ ಬೆರಳು ತೋರಿಸಿ ಸ್ಪಷ್ಟವಾಗಿ "ಕಳ್ಳ" ಎಂದ. ಹೊಲದ ಬದುವಿನ ಸಲುವಾಗಿ ಅಣ್ಣತಮ್ಮಂದಿರ ಹಳೆಯ ಜಗಳ ಅದು. ನಾವು ಅದನ್ನು ಸರಿಯುತ್ತರ ಎಂದೇ ಹಿಡಿದೆವು.

ಗಿರಮಿಟ್ ಫೋಟೋ ಬಂದಾಗ ಮಾತ್ರ ಅಪ್ಪ ಸುಮ್ಮನಾಗುತ್ತಿದ್ದ. "ಅದು" ಕೂಡ ಇಲ್ಲ. ನೋಡುವುದು, ನೋಡುವುದು, ಆಮೇಲೆ ಗೋಡೆಯ ಕಡೆ ಮುಖ ತಿರುಗಿಸುವುದು. ಡಾಕ್ಟರಮ್ಮ ಹೇಳಿದ್ದಳು, ಹೆಂಡತಿಯ ಹೆಸರು ಹೇಳಿಸಿ ಎಂದು. ಜೀವಮಾನದಲ್ಲಿ ಹೇಳದ ಹೆಸರನ್ನು ಲಕ್ವಾ ಹೊಡೆದ ನಾಲಗೆ ಹೇಗೆ ಹೇಳಬೇಕು? ಅವ್ವ ಹಟ ಬಿಡಲಿಲ್ಲ. ಫೋಟೋದಲ್ಲಿದ್ದ ಅದೇ ಬದನೆ ಬಣ್ಣದ ಇಳಕಲ್ ಸೀರೆ ಉಟ್ಟುಕೊಂಡು ಬಂದು ಫೋಟೋದ ಪಕ್ಕದಲ್ಲೇ ಕೂತಳು. ಒಂದು ದಿನ ಬಾಯಿ ತುಂಬ ಚುರುಮುರಿ ತುಂಬಿಕೊಂಡು ಗಲ್ಲ ಉಬ್ಬಿಸಿಯೂ ಕೂತಳು. ಅಪ್ಪ ಗೋಡೆಯನ್ನೇ ನೋಡಿದ. ಅವ್ವ ಚುರುಮುರಿ ನುಂಗಿ, "ಹೋಗ್ಲಿ ಬಿಡ" ಎಂದು ಒಳಗೆ ಹೋದಳು.

ದಸರೆ ಹತ್ತಿರ ಬಂದಾಗ ಕಂಪ್ಯೂಟರ್ ಒಳಗಿನಿಂದ ಟಕ್ ಟಕ್ ಎನ್ನತೊಡಗಿತು, ಎರಡು ದಿನಕ್ಕೆ ಗೊಟಕ್ ಎಂದಿತು. ಬಜಾರದ ರಿಪೇರಿಯವನು ಹೊಸ ಡಿಸ್ಕ್ ಹಾಕಿ ಕೊಟ್ಟ. ಹಳೆಯದು ಹೋಯಿತು, ಅದರೊಳಗಿನ ಫೋಟೋಗಳೂ ಹೋದವು. ಅಪ್ಪನ ಫೋನು ಆಮೇಲೆ ಒಂದು ದಿನ ಅವನ ಎಡಗೈಯಿಂದ ಜಾರಿ ಬಿದ್ದು ಸತ್ತಿತ್ತು. ಎರಡು ಡಬ್ಬಿ ಇವೆಯಲ್ಲ ಎಂದು ನನ್ನ ಫೋನನ್ನು ನಾನೇ ಖಾಲಿ ಮಾಡಿದ್ದೆ. ನೆಂಟರಂತೂ ನಾನು ಫೋಟೋ ತೆಗೆದುಕೊಂಡಿದ್ದೇ ತಡ, ಜಾಗ ಆಯಿತೆಂದು ತಮ್ಮ ಫೋನುಗಳಿಂದ ಎಲ್ಲ ಅಳಿಸಿ, ಮತ್ತೆ ಶುಭೋದಯ ತುಂಬಿಕೊಂಡಿದ್ದರು. ಈಗ ಉಳಿದದ್ದು ಎರಡು ಡಬ್ಬಿ ಮಾತ್ರ. ಹಬ್ಬ ಮುಗಿಯಲಿ, ಸಾವಕಾಶ ಕೂತು ಕಂಪ್ಯೂಟರಿಗೆ ತುಂಬೋಣ ಎಂದುಕೊಂಡೆ. ಅಲ್ಲಿಯವರೆಗೆ ಪಾಠ ನಿಲ್ಲಬಾರದೆಂದು ಮನೆಯ ಡಬ್ಬಿಯನ್ನು ಟಿವಿಯ ಹಿಂದೆ ಸಿಕ್ಕಿಸಿ ಅಪ್ಪನಿಗೆ ತೋರಿಸತೊಡಗಿದೆ. ಕುಲಾಯಿ ತೆಗೆದು ಕಪ್ಪು ಡಬ್ಬಿ ಸಿಕ್ಕಿಸಿದರೆ ಟಿವಿಯಲ್ಲಿ ಮಂದಿ ಬರುತ್ತಾರೆ. ಅಪ್ಪ ದಿನಾ ಅದನ್ನೇ ಕಣ್ಣು ನೆಟ್ಟು ನೋಡುತ್ತಿದ್ದ.

ಈಗ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ಮಾತು. ನಮ್ಮ ಅವ್ವನ ಪ್ರಕಾರ ಮನೆಗಾಗಿ ದುಡಿಯುವ ಯಾವ ಸಾಮಾನೂ ಅವತ್ತು ದೇವರ ಮುಂದೆ ಗೈರುಹಾಜರಿ ಇರಬಾರದು. ಕುಡಗೋಲು, ಈಳಿಗೆ, ಕತ್ತರಿ, ತಕ್ಕಡಿ, ಹೊಲಿಗೆ ಮಷಿನ್ನು, ನನ್ನ ಸ್ಕೂಟಿ, ಎಲ್ಲಕ್ಕೂ ಸ್ನಾನ, ವಿಭೂತಿ, ಚೆಂಡು ಹೂವು. ಬಿಟ್ಟ ಸಾಮಾನು ವರ್ಷವಿಡೀ ಮುನಿಸಿಕೊಳ್ಳುತ್ತದೆ. ಹಿಂದೆ ಒಮ್ಮೆ ಮಿಕ್ಸರ್ ಬಿಟ್ಟುಹೋಗಿತ್ತು, ದೀಪಾವಳಿಯ ಹಿಟ್ಟು ರುಬ್ಬುವಾಗಲೇ ಹೊಗೆ ಬಂತು.

"ಹ್ವಾದ ವರ್ಷ ನಾವು ದವಾಖಾನ್ಯಾಗ ಇದ್ವಿ. ಕಂಪ್ಯೂಟರಿಗೆ ಪೂಜಿ ತಪ್ಪಿತು, ಅದಕ್ಕ ಸತ್ತಿತು," ಎಂದಳು.

"ಅದು ಹಳೇದಾಗಿತ್ತಬೇ, ಅದಕ್ಕ ಸತ್ತಿತು."

"ಹಳೇದಾದ್ರ ಸಾಯಬೇಕಂದ್ರ ನಿಮ್ಮ ಕಾಕಾ ಯಾಕ ಇನ್ನೂ ಅದಾನ?"

ನಾನು ಚೆಂಡು ಹೂವು ತರಲು ಬಜಾರಕ್ಕೆ ಹೋದೆ. ಅವ್ವ ಹಿಂದಿನ ದಿನವೇ ಅಕ್ಕನಿಗೆ ಫೋನು ಹಚ್ಚಿದ್ದಳು ಎಂಬುದು ನನಗೇನು ಗೊತ್ತು? "ಹಬ್ಬಕ್ಕ ಬರುವಾಗ ಆ ಡಬ್ಬಿನೂ ತಗೊಂಡು ಬಾ. ಅದು ನಮ್ಮನೀದು. ಅದರ ಪೂಜಿ ನಮ್ಮ ದೇವರ ಮುಂದನ ಆಗಬೇಕು, ನಿಮ್ಮತ್ತಿ ದೇವರ ಜಗಲಿ ಮ್ಯಾಲಲ್ಲ." ಅಕ್ಕ ಅವ್ವನ ಮಾತು ಮೀರಿದವಳಲ್ಲ. ಜೋಳದ ತಳದಿಂದ ತೋಡಿ, ರಾಮದುರ್ಗದ ಬಸ್ಸು ಹತ್ತಿಸಿ ತಂದೇ ಬಿಟ್ಟಳು. ನಾನು ಅಷ್ಟು ಜತನದಿಂದ ದೂರ ಮಾಡಿದ ಎರಡನ್ನೂ ಇವರು ಹಬ್ಬಕ್ಕೆ ಕೂಡಿಸಿದರು.

ನಾನು ಹೂವು, ಬಾಳೆಎಲೆ ಹಿಡಿದು ಹಿತ್ತಲ ಬಾಗಿಲಿಂದ ಒಳಗೆ ಬಂದಾಗ ನಳದ ಕೆಳಗೆ ದೊಡ್ಡ ಬಕೀಟು ತುಂಬಿತ್ತು. ಅವ್ವ ಕುಕ್ಕರಗಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ತೊಳೆದಿಟ್ಟ ಕುಡಗೋಲು, ಈಳಿಗೆ. ಅಪ್ಪ ಎದುರಿಗೆ ಬಿಸಿಲಲ್ಲಿ ಕುರ್ಚಿಯ ಮೇಲಿದ್ದ. ಅಕ್ಕ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು.

ಬಕೀಟಿನ ತಳದಲ್ಲಿ ಏನೋ ಕಪ್ಪಗೆ ಕಂಡಿತು. ಮೇಲೆ ಗುಳುಗುಳು ಗುಳ್ಳೆ, ಜೋಳದ ಹೊಟ್ಟು, ಬೇವಿನ ಎಲೆ.

"ಯವ್ವಾ! ಏನ ಮಾಡಾಕ ಹತ್ತೀಬೇ!"

"ಜ್ವಾಳದ ಧೂಳ ಮೆತ್ತಿತ್ತು, ಒಂದು ಮುಳುಗು ಹಾಕಿಸೇನಿ," ಎಂದಳು ತಲೆ ಎತ್ತದೆ. "ವಾಯರ್ ತಗದ ಮ್ಯಾಲೇ ತೊಳದೇನಿ, ಕರೆಂಟ್ ಇಲ್ಲದ್ದಕ್ಕ ನೀರು ಏನ ಮಾಡತೈತಿ? ಇದೂ ಒಂದು ಆಗ್ಲಿ." ಅವಳ ಕೈಯಲ್ಲಿ ಕುಲಾಯಿ ಬಿಚ್ಚಿದ ಇನ್ನೊಂದು ಡಬ್ಬಿ ನೀರಿನ ಮೇಲೆಯೇ ಇತ್ತು.

ಕೈಯಲ್ಲಿದ್ದ ಹೂವು, ಎಲೆ ಎಲ್ಲ ಬಿಟ್ಟು ಓಡಿದೆ. ಹಿತ್ತಲು ಎಷ್ಟು ದೊಡ್ಡದು ಎಂದು ಅವತ್ತು ಗೊತ್ತಾಯಿತು. ಬೈಲಹೊಂಗಲದ ಅರ್ಧ ಊರನ್ನು ಬೈದ ನನ್ನ ಬಾಯಿ ಒಣಗಿಹೋಯಿತು.

"ಏ ಹುಚ್ಚಿ!"

ಮಾರ್ಕೆಟ್ಟಿನ ದನಿ. ಬೇಲಿಯ ಮೇಲಿನ ಗುಬ್ಬಿ ಹಾರಿಹೋದವು. ಅಪ್ಪ ಎಡಗೈಯಲ್ಲಿ ಕುರ್ಚಿಯ ಹಿಡಿ ಬಿಗಿಹಿಡಿದು ಅರ್ಧ ಎದ್ದಿದ್ದ. ಮುಖ ಕೆಂಪಾಗಿತ್ತು, ಕುತ್ತಿಗೆಯ ನರ ಉಬ್ಬಿತ್ತು.

"ತಗಿ! ಅದ್ದಬ್ಯಾಡ! ಅದರಾಗ... ಅದರಾಗ ನೀ ಅದೀ!"

ಅವ್ವನ ಕೈ ನಿಂತಲ್ಲೇ ನಿಂತಿತು. ಒಳಗಿಂದ ಅಕ್ಕ ಸೌಟು ಹಿಡಿದು ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಅವ್ವ ಆ ಡಬ್ಬಿಯನ್ನು ನಿಧಾನವಾಗಿ ಎದೆಗೆ ಒತ್ತಿಕೊಂಡಳು. ಕೆಸರು ನೆಲ, ಹೊಸ ಸೀರೆ ಏನನ್ನೂ ನೋಡದೆ ಅಲ್ಲೇ ಕೂತುಬಿಟ್ಟಳು. ಕಣ್ಣಲ್ಲಿ ನೀರು ದಳದಳ ಇಳಿಯಿತು.

"ಹೌದ್ರಿ, ನಾ ಹುಚ್ಚಿನ," ಎಂದಳು. "ಇನ್ನೊಮ್ಮಿ ಬೈರಿ."

ಅಪ್ಪನ ತುಟಿ ಅಲುಗಿತು. ಮಾತು ಹುಡುಕುತ್ತಿದ್ದ, ಸಿಗುತ್ತಿರಲಿಲ್ಲ. ನಾನು ಬಗ್ಗಿ ಅವ್ವನ ಕೈಯಿಂದ ಡಬ್ಬಿ ತೆಗೆದುಕೊಳ್ಳಲು ಹೋದೆ. ಅವಳ ಕೈ ಹಸಿಯಾಗಿತ್ತು, ಒಂದು ಹನಿ ಒಳಗೆ ಇಳಿದರೂ ಉಳಿದದ್ದೊಂದೂ ಕೈಬಿಡುತ್ತಿತ್ತು. "ಕೊಡಬೇ ಯವ್ವಾ, ಮೊದಲ ಒರಸ್ತೇನಿ," ಎಂದೆ.

ಅವ್ವ ನನ್ನ ಕೈಗೆ ಫಟ್ ಎಂದು ಹೊಡೆದಳು.

"ಸುಮ್ನ ನಿಂದ್ರ. ಅವರು ನನಗ ಬೈಯಾಕ ಹತ್ಯಾರ."