ಟೇಪು ಡಬ್ಬಿಯಲ್ಲಿರುವ ಹೊತ್ತು

ಅಕ್ಕ ಇಷ್ಟು ವರ್ಷಗಳಲ್ಲಿ ನನ್ನಿಂದ ಕೇಳಿದ್ದು ಒಂದನ್ನೇ, ಒಂದು ಗುಟ್ಟು ಕಾಯುವುದನ್ನು. ನನ್ನಿಂದ ಅದು ಆಗಲಿಲ್ಲ. ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ತಪ್ಪನ್ನು ಚೆಂದ ಮಾಡಿ ಬರೆಯಲು ಬಾರದು, ಆದದ್ದನ್ನು ಬರೆಯುತ್ತೇನೆ.

ಕಸ್ತೂರಿ ಅಕ್ಕ ಹಾರೂಗೇರಿಯಲ್ಲಿ ಹೆಂಗಸರ ಜಂಪರ್ ಹೊಲಿಯುತ್ತಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಿರಾಕಿಗಳು ಬಟ್ಟೆ ಹಿಡಿದು ಒಲೆಯವರೆಗೆ ಬರುತ್ತಿದ್ದರು, ಮನೆಯವರು ಖಾಲಿ ತಾಟು ಹಿಡಿದು ಮಷಿನ್‌ವರೆಗೆ ಬರುತ್ತಿದ್ದರು. ಬೇಸತ್ತು ಒಂದು ದಿನ ಅಳತೆಯ ಟೇಪಿನಿಂದಲೇ ಕಾಯ್ದೆ ಮಾಡಿದಳು.

“ಕೊರಳಾಗ ಟೇಪ್ ಇದ್ರ ನಾ ಟೇಲರ್. ಗೂಟಕ್ಕ ಇದ್ರ ಮನಿಯಾಕಿ. ಡಬ್ಬಿಯಾಗ ಇದ್ರ ನಾ ಯಾರಿಗೂ ಏನೂ ಅಲ್ಲ.”

ಅವಳ ಗಂಡ, ನಮ್ಮ ಮಾಮಾ, ಊಟದ ಹೊತ್ತಿಗೆ ಅಂಗಿಯ ಗುಂಡಿ ಕಿತ್ತುಹೋದದ್ದನ್ನು ತೋರಿಸಿದರು. ಅಕ್ಕ ಗೂಟದ ಕಡೆ ನೋಡಿದಳು. “ನಾಳೆ ಹತ್ತಕ್ಕ ತಗೊಂಬರ್ರಿ. ಪಾಳಿ ಐತಿ, ನಿಮ್ಮ ಮುಂದ ಇಬ್ಬರದಾರ.” ಮರುದಿನ ಮಾಮಾ ಬನಿಯನ್ ಮೇಲೆ ಹೆಂಗಸರ ನಡುವೆ ಕೂತರು. ಮುಂದಿನ ವಾರ ಗುಂಡಿ ಹಚ್ಚುವುದನ್ನು ತಾವೇ ಕಲಿತರು.

ಸಂಜೆ ನಾಲ್ಕರಿಂದ ಐದರವರೆಗೆ ಟೇಪು ಡಬ್ಬಿಯಲ್ಲಿ. ಆಗ ಅವಳು ಎಲ್ಲಿರುತ್ತಾಳೆಂಬುದು ನನಗೊಬ್ಬನಿಗೇ ಗೊತ್ತಿತ್ತು, ಏಕೆಂದರೆ ನಾನು ಬಸ್ ನಿಲ್ದಾಣದ ಹೊರಗೆ ಬಾಡಿಗೆಗೆ ಟಮ್‌ಟಮ್ ಆಟೋ ಹಚ್ಚುತ್ತೇನೆ. ಖಾಲಿ ಚೀಲ ಮಗ್ಗುಲಲ್ಲಿಟ್ಟುಕೊಂಡು, ನಿಲ್ದಾಣದ ಕೊನೆಯ ಬೆಂಚಿನಲ್ಲಿ, ಊರಿಗೆ ಹೊರಟವಳಂತೆ ಕೂತು ಗಿರಮಿಟ್ ತಿನ್ನುತ್ತಿದ್ದಳು. ಬಸ್ಸಿಗೆ ಕಾಯುವವರಿಗೆ ಯಾರೂ ಕೆಲಸ ಹೇಳುವುದಿಲ್ಲ. ಅಥಣಿ ಬಸ್ಸಿನ ಕಂಡಕ್ಟರ್ ದಿನಾ ಕೇಳುತ್ತಿದ್ದ, “ಬರ್ತೀರೇನ್ರಿ ಅಕ್ಕಾರ?”

“ಮುಂದಿನದಕ್ಕ ಬರ್ತೀನ್ರಿ.”

ಮಳೆಗಾಲ ಹೋಗಿ ಚಳಿಗಾಲ ಬಂದರೂ ಅವಳ ಬಸ್ ಬಂದಿರಲಿಲ್ಲ. ನಾನು ಕಂಡುಹಿಡಿದ ದಿನ ಹೇಳಿದ್ದಳು, “ಬಾಯಿ ಬಿಟ್ಟಿ ಅಂದ್ರ ತುಟಿಗೆ ಹುಕ್ ಹಚ್ತೀನಲೇ.”

ಹಚ್ಚಿದ್ದರೆ ಒಳ್ಳೆಯದಿತ್ತು. ಒಂದು ಸಂಜೆ ರಾಯಬಾಗದ ಮದುವೆ ಮನೆಯ ಹೆಂಗಸರು ಅವಳ ಅಂಗಡಿಯ ಬೀಗ ನೋಡಿ ನಿಲ್ದಾಣಕ್ಕೆ ಮರಳಿದ್ದರು. “ಟೇಲರ್ ಬಾಯಿ ಎಲ್ಲಿ ಹೋಗ್ಯಾರಂತ ಯಾರಿಗೂ ಗೊತ್ತಿಲ್ಲ” ಎಂದರು. ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತು ಎಂಬ ಸೊಕ್ಕು ನಾಲಿಗೆಗೆ ಏರಿತು. “ನಮ್ಮ ಅಕ್ಕರಿ ಆಕಿ, ಬರ್ರಿ” ಎಂದು ಬೆಂಚಿನವರೆಗೆ ಕರೆದೊಯ್ದೆ. ಅಕ್ಕ ಗಿರಮಿಟ್ ಪೊಟ್ಟಣ ಮಡಚಿ, ಗೇಣು ಹಾಕಿಯೇ ಅಳತೆ ತೆಗೆದುಕೊಂಡಳು. ನನ್ನ ಕಡೆ ನೋಡಲಿಲ್ಲ. ವಾರದೊಳಗೆ ಬೆಂಚಿನ ಮುಂದೆ ಪಾಳಿ ಬೆಳೆಯಿತು. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಕೇಳಲು ಮಾಮಾನೂ ಬಂದರು. ಆಮೇಲೆ ಬೆಂಚು ಖಾಲಿಯಾಯಿತು.

ತಪ್ಪಾಯಿತೆನ್ನಲು, ಟೇಪು ಅವಳ ಕೊರಳಲ್ಲಿದ್ದಾಗ, ಅಂಗಡಿಗೆ ಹೋದೆ. “ಜಂಪರ್ ಹೊಲಸೂದೈತೇನು? ಇಲ್ಲಂದ್ರ ಬಾಜೂ ಸರಿ” ಎಂದಳು. ಟೇಪು ಗೂಟದಲ್ಲಿದ್ದಾಗ ಹೋದೆ. ರೊಟ್ಟಿ ಬಡಿಸಿ, “ನಿನ್ನ ಮಗಳು ಎಷ್ಟನೇ ಇಯತ್ತೆದಾಗ ಅದಾಳಲೇ?” ಎಂದಳು. ಹಗಲೆಲ್ಲ ಟಮ್‌ಟಮ್ ಹೊಡೆಯುವವನಿಗೆ ಅದೂ ನೆನಪಿಲ್ಲ. “ನೀನೂ ಒಂದು ಟೇಪ್ ತಗೋ” ಎಂದಳು, ಅಷ್ಟೇ. ನಾನು ಹಾಳು ಮಾಡಿದ್ದು ಆ ಒಂದು ತಾಸನ್ನು. ಅದರ ಮಾತು ಆ ತಾಸಿನಲ್ಲೇ ಆಗಬೇಕು. ಆಗ ಅವಳು ಎಲ್ಲಿರುತ್ತಾಳೋ ಈಗ ನನಗೂ ಗೊತ್ತಿರಲಿಲ್ಲ.

ಕಳೆದ ವಾರ ನಾಲ್ಕು ದಾಟಿದ ಮೇಲೆ ಅಥಣಿ ಬಸ್ಸಿನ ಕಿಟಕಿಯಲ್ಲಿ ಆ ಖಾಲಿ ಚೀಲ ಕಂಡಿತು. ಹೆಂಗಸರಿಗೆ ಬಸ್ ಪುಕ್ಕಟೆ. ಅವಳು ದಿನಾ ಅರ್ಧ ದಾರಿಯಲ್ಲಿ ಇಳಿದು, ಎದುರಿನ ಬಸ್ಸಿಗೆ ಮರಳುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಟಮ್‌ಟಮ್ ಬಿಟ್ಟು ಹಿಂದಿನ ಬಾಗಿಲಿನಿಂದ ಹತ್ತಿದೆ.

“ಎಲ್ಲಿಗೆ?” ಎಂದ ಕಂಡಕ್ಟರ್.

“ಮುಂದ ಕುಂತಾರಲ್ರಿ, ಅವರು ಇಳಿಯೂವಲ್ಲಿಗೆ ಕೊಡ್ರಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಅವರು ನಿನಗೇನಾಗಬೇಕು?”

“ಅಕ್ಕ ಆಗಬೇಕ್ರಿ.”

ಅಕ್ಕ ಕಿಟಕಿಯಿಂದ ಮುಖ ತಿರುಗಿಸದೆ ಅಂದಳು, “ಈಗ ನಾ ಯಾರ ಅಕ್ಕನೂ ಅಲ್ರಿ.”

ಇಡೀ ಬಸ್ ನನ್ನತ್ತ ತಿರುಗಿತು. ಸರಳು ಹಿಡಿದು, ಇಂಜಿನ್ನಿನ ಸದ್ದಿಗಿಂತ ಮೇಲೆ ದನಿ ಎತ್ತಿದೆ.

“ಕಸ್ತೂರಕ್ಕಾ, ನಿನ್ನ ತಾಸು ನಾ ಮಂದಿಗೆ ಹಂಚಿಬಿಟ್ಟೆ. ತಪ್ಪಾತಬೇ.”