ಗುರುಬಾಯಿಯ ಬೀಸುವ ಪದದಲ್ಲಿ ನನ್ನ ಹೆಸರು

ಒಂದು ಮನೆಯಲ್ಲಿ ರೊಟ್ಟಿ ಬಡಿಯುವ ಕೈಗಳು ಎಷ್ಟೇ ಇರಲಿ, ‘ನಮ್ಮ ಮನ್ಯಾಗ ಹಾಡಾಕಿ’ ಎಂದು ಬಂದವರಿಗೆ ತೋರಿಸುವುದು ಮಾತ್ರ ಒಬ್ಬಳನ್ನೇ. ಉದಗೀರದ ನಮ್ಮ ಬಟ್ಟೆ ವ್ಯಾಪಾರದ ಮನೆಯಲ್ಲಿ ಆ ಪಟ್ಟ ನನ್ನದಾಗಿತ್ತು. ನನ್ನ ತಂದೆ ನಿಲಂಗಾದಲ್ಲಿ ಶಾಲಾ ಮಾಸ್ತರರು. ಹಗಲು ಸರಕಾರದ ಉರ್ದು ಕಲಿಸಿ, ಸಂಜೆ ಮನೆಯಲ್ಲಿ ನನಗೆ ಕನ್ನಡ ಅಕ್ಷರವನ್ನೂ ಸರಿಗಮವನ್ನೂ ಒಟ್ಟಿಗೇ ತಿದ್ದಿಸಿದವರು. ಮದುವೆಯಲ್ಲಿ ಬಂಗಾರ ಕಡಿಮೆಯಾಯಿತೆಂದು ಒಂದು ಹಾರ್ಮೋನಿಯಂ ಕೊಟ್ಟು ಕಳಿಸಿದರು. ಶ್ರಾವಣ ಸೋಮವಾರಗಳಲ್ಲಿ ನಾನು ಆ ಪೆಟ್ಟಿಗೆಯ ಹಿಂದೆ ಕುಳಿತರೆ ಅತ್ತೆಯವರು ನೆರೆಹೊರೆಯವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ನನಗೆ ಅಷ್ಟೇ ಬಹುಮಾನ. ನನ್ನನ್ನು ತೋರಿಸಿ, ಶಾಂತಾಬಾಯಿಯ ಕಂಠ ಸೂಜಿಯಂಥದು, ಶ್ರುತಿಯಿಂದ ಕೂದಲೆಳೆಯಷ್ಟೂ ಸರಿಯದು ಎಂದು ಊರು ಹೇಳುತ್ತಿತ್ತು. ಊರಿಗೆ ಹಾಗೆ ಹೇಳಿಕೊಟ್ಟವಳು ನಾನೇ ಇರಬಹುದು.

ಪೋಲೀಸ್ ಆಕ್ಷನ್ನಿನ ಗಡಿಬಿಡಿಯಲ್ಲಿ ಮುಂದೆ ಹೋಗಿದ್ದ ಮೈದುನನ ಮದುವೆ ಊರು ತಣ್ಣಗಾದ ಮೇಲೆ ನಡೆಯಿತು. ವಲಾಂಡಿಯ ಒಕ್ಕಲುತನದ ಮನೆಯಿಂದ ಗುರುಬಾಯಿ ನನ್ನ ನೆಗೆಣ್ಣಿಯಾಗಿ ಬಂದಳು. ಎತ್ತರದ ಹುಡುಗಿ, ಮಾತು ಕಡಿಮೆ. ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹೆಂಗಸರು ಹೊಸ ಸೊಸೆಯನ್ನು ಹಾಡೆಂದು ಒತ್ತಾಯಿಸಿದರು. ಪೆಟ್ಟಿಗೆ ಬೇಡವೆಂದು ತಲೆಯಾಡಿಸಿ ಅವಳು ಶುರುಮಾಡಿದಳು. ದಪ್ಪನೆಯ, ಮಣ್ಣುಮಣ್ಣಾದ ದನಿ. ಅರ್ಧ ಸಾಲು ಕನ್ನಡ, ಅರ್ಧ ಮರಾಠಿ. ನಡುವೆ ತನಗೆ ಬೇಕಾದಲ್ಲಿ ಹಾಡನ್ನು ನಿಲ್ಲಿಸಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತಿದ್ದಳು.

“ಗಂಡಸು ಹಾಡಿದಂಗ ಆಯ್ತಲ್ಲ,” ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದೆ, ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ. ನನ್ನದು ಕಂಠಶ್ರೀ, ಇವಳದು ಕಂಠಶೋಷ ಎಂದು ಅಲ್ಲಿಯೇ ತೀರ್ಪು ಕೊಟ್ಟು ನಿಶ್ಚಿಂತಳಾದೆ.

ಆ ತೀರ್ಪನ್ನು ಮೊದಲು ಮುರಿದವಳು ತೊಟ್ಟಿಲಲ್ಲಿದ್ದವಳೇ. ಹಲ್ಲು ಬರುವ ಕಾಲಕ್ಕೆ ಮಗಳಿಗೆ ಜ್ವರ ಏರಿತು, ಮಧ್ಯಾಹ್ನವೆಲ್ಲ ಕಿರುಚಾಟ. ಗೊತ್ತಿದ್ದ ಜೋಗುಳಗಳನ್ನೆಲ್ಲ ಹಾಡಿದೆ. ನನ್ನ ಸ್ವರ ಏರಿದಷ್ಟೂ ಅವಳ ಸ್ವರವೂ ಏರಿ, ಜುಗಲ್‌ಬಂದಿಯಲ್ಲಿ ಅವಳೇ ಗೆದ್ದಳು. ಗುರುಬಾಯಿ ಬಂದು ಮಗುವನ್ನು ಎತ್ತಿ ಎದೆಗಾನಿಸಿಕೊಂಡು, ಬಾಯಿ ಕೂಡ ತೆರೆಯದೆ ಗುನುಗಿದಳು. ಆ ದಪ್ಪ ದನಿ ಅವಳ ಎದೆಗೂಡಿನಿಂದ ಮಗುವಿನ ಮೈಗೆ ಇಳಿಯುವುದು ಕಣ್ಣಿಗೇ ಕಾಣುವಂತಿತ್ತು. ಮಗು ಬಿಕ್ಕಿ, ಉಸಿರು ಬಿಟ್ಟು, ಮಲಗಿತು.

“ಇಕಡಿ ಕೊಡು,” ಎಂದೆ.

“ಈಗರೇ ಕಣ್ ಮುಚ್ಯಾಳ್ರಿ ಅಕ್ಕಾ. ಜರಾ ತಡೀರಿ.”

ಹೆತ್ತವಳು ನಾನು, ತಡೆಯಬೇಕಾದವಳೂ ನಾನು. ಸಂಜೆಗೆ ಜ್ವರ ಇಳಿಯಿತು. ಅದು ನನ್ನ ಹಾಡಿಗೆ ಇಳಿಯಲಿಲ್ಲವಲ್ಲ ಎಂಬ ಉರಿ ಮಾತ್ರ ನನ್ನಲ್ಲಿ ಉಳಿಯಿತು.

ಅವಳಲ್ಲಿ ದೋಷ ಹುಡುಕಲೆಂದೇ ನಾನು ನಸುಕಿನಲ್ಲಿ ಏಳತೊಡಗಿದೆ. ಆ ಹೊತ್ತಿಗೆ ಅವಳು ಪಡಸಾಲೆಯಲ್ಲಿ ಜೋಳ ಬೀಸುತ್ತ ಹಾಡುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ತಪ್ಪು ಹಿಡಿಯಲು ಹೋದವಳು ತಾಳ ಹಿಡಿಯುತ್ತ ನಿಂತೆ. ಹಾಡು ನಡುವೆ ನಿಲ್ಲುತ್ತಿದ್ದುದು ಅಜ್ಞಾನದಿಂದಲ್ಲ. ಕಲ್ಲಿನ ಬಾಯಿಗೆ ಒಂದು ಮುಷ್ಟಿ ಕಾಳು ಬೀಳುವ ತನಕ ಅದು ಕಾಯುತ್ತಿತ್ತು. ದನಿ ಒರಟಾಗಿ ತೋರಿದ್ದು ಕಲ್ಲಿಲ್ಲದೆ ಕೇಳಿದ್ದರಿಂದ. ಕಲ್ಲಿನ ಗುಡುಗುಡಿನ ಮೇಲೆ ಅದು ತೇಲುವಾಗ ನನಗೆ ಕೈಯಲ್ಲಿದ್ದ ತಂಬಿಗೆಯ ನೆನಪೂ ಇರುತ್ತಿರಲಿಲ್ಲ.

ಆದರೆ ಹೊಟ್ಟೆಕಿಚ್ಚು ಹೋಯಿತೆಂದು ತಿಳಿಯಬೇಡಿ. ಅದು ಮನೆ ಬದಲಾಯಿಸಿತು, ಅಷ್ಟೆ. ಗುರುಬಾಯಿ ಬೀಸುವಾಗ ಮನೆಯವರನ್ನೆಲ್ಲ ಪದದಲ್ಲಿ ತರುತ್ತಿದ್ದಳು. ಅತ್ತೆಯನ್ನು ಬಿಲ್ವದ ಗಿಡವೆಂದಳು, ನನ್ನ ಗಂಡನನ್ನು ಅಂಗಡಿಯ ದೀಪವೆಂದಳು, ನನ್ನ ಮಗಳ ಕಾಲ್ಗೆಜ್ಜೆಯನ್ನು ಹಾಡಿದಳು, ನಮ್ಮ ಎಮ್ಮೆಯ ಕೋಡಿಗೂ ಒಂದು ಸಾಲು ಮೀಸಲಿಟ್ಟಳು. ನಾನೊಬ್ಬಳೇ ಇರಲಿಲ್ಲ. ಮೊದಲು ಹಾಡಿದವಳ ಮೇಲೆ ಮತ್ಸರಪಟ್ಟವಳು ಈಗ ಹಾಡಿಸಿಕೊಂಡ ಎಮ್ಮೆಯ ಮೇಲೆ ಮತ್ಸರಪಟ್ಟೆ. ಹಾಲು ಹಿಂಡುವಾಗ ಅದರ ಮುಖ ನೋಡಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಪೇಟೆಗೆ ಎಂಜಿನ್ನಿನ ಹಿಟ್ಟಿನ ಗಿರಣಿ ಬಂತು. ಇನ್ನು ಮೇಲೆ ಜೋಳ ಅಲ್ಲಿಗೇ ಹೋಗಲಿ ಎಂದು ಮೈದುನ ಹೇಳಿದಾಗ, ಕಲ್ಲು ನಿಂತರೆ ಪದವೂ ನಿಲ್ಲುತ್ತದೆಂದು ನನಗೆ ಹೊಳೆಯಿತು. “ನಿಮ್ಮ ಅಣ್ಣಗ ಗಿರಣಿ ಹಿಟ್ಟಿನ ರೊಟ್ಟಿ ಸೇರಂಗಿಲ್ಲ,” ಎಂದುಬಿಟ್ಟೆ. ನನ್ನ ಗಂಡನೋ, ತಟ್ಟೆಯಲ್ಲಿ ರಟ್ಟು ಹಾಕಿದರೂ ಪಲ್ಯ ಹಚ್ಚಿಕೊಂಡು ತಿಂದು ಅಂಗಡಿಗೆ ಹೋಗುವವರು. ಸುಳ್ಳಿಗೆ ದಂಡವೆಂಬಂತೆ ಮರುದಿನ ನಾನೂ ಕಲ್ಲಿನ ಮುಂದೆ ಕುಳಿತು, ಗುರುಬಾಯಿ ಹಿಡಿದಿದ್ದ ಗೂಟವನ್ನೇ ಹಿಡಿದೆ. ಇಬ್ಬರ ಕೈಯಲ್ಲಿ ಕಲ್ಲು ಹಗುರಾಗಿ ತಿರುಗಿತು. ನಾಲ್ಕು ಬೆಳಗು ಕಾದು, ಕೊನೆಗೆ ಮಾನ ಬಿಟ್ಟು ಕೇಳಿದೆ.

“ಎಲ್ಲಾರ್ನೂ ಹಾಡ್ತಿ, ಎಮ್ಮೀನೂ ಬಿಡಲಿಲ್ಲ. ನಾ ಏನ್ ಮಾಡೀನಿ?”

ಅವಳು ಕಲ್ಲು ನಿಲ್ಲಿಸಿದಳು. “ಬೀಸೂವಾಗ ಕರಿಯೂದು ಎದುರಿಗಿ ಇಲ್ದವರಿಗಿರಿ ಅಕ್ಕಾ. ಮಲ್ಕೊಂಡವರಿಗಿ, ದೂರ ಇದ್ದವರಿಗಿ. ನೀವು ದಿನಾ ಬಾಗಲ ಹಿಂದ ನಿಂತಿರ್ತಿದ್ರಿ. ಬಳಿ ಸಪ್ಪಳ ಕೇಳ್ತಿತ್ತು.”

ನಾನು ಬಳೆಗಳನ್ನು ಮೇಲಕ್ಕೆ ಸರಿಸಿ ಮತ್ತೆ ಗೂಟ ಹಿಡಿದೆ. ಅವಳು ಒಂದು ಮುಷ್ಟಿ ಕಾಳು ಹಾಕಿ ಪದ ಎತ್ತಿದಳು. ಆ ದಿನದಿಂದ ನಾನು ಎರಡನೆಯ ದನಿಯಾಗಿ ಸೇರಿಕೊಂಡೆ. ಸೂಜಿಗೂ ದಾರ ಬೇಕೆಂದು ಮಾಸ್ತರರ ಮಗಳಿಗೆ ತಿಳಿದದ್ದು ಹಾಗೆ.

ಕೆಲವು ವರ್ಷಗಳ ಮೇಲೆ ರಾಜ್ಯಗಳನ್ನು ಭಾಷೆಯ ಪ್ರಕಾರ ಹಂಚಿದರು. ಬೀದರ ಮೈಸೂರಿಗೆ ಹೋಯಿತು. ಉದಗೀರದ ನಾವು ಕುಳಿತಲ್ಲೇ ಮುಂಬಯಿಯವರಾದೆವು. ಮೈದುನ ಬೀದರದಲ್ಲಿ ಇನ್ನೊಂದು ಅಂಗಡಿ ತೆರೆದು ಸಂಸಾರವನ್ನೂ ಕರೆದೊಯ್ದ. ಬಸ್ಸು ಹೊರಡುವಾಗ ಮಗಳು ಅತ್ತಳು. ನಾನು ಅವಳನ್ನು ಸಮಾಧಾನ ಮಾಡುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿದೆ. ಮರುದಿನವೇ ನಮ್ಮ ಜೋಳ ಗಿರಣಿಗೆ ಹೋಯಿತು. ಗಂಡ ರೊಟ್ಟಿ ತಿಂದು ಅಂಗಡಿಗೆ ಹೋದರು.

ಒಮ್ಮೆ ಅವರು ಬೀದರದಿಂದ ಬಂದವರು ಅಂಗಿ ಬಿಚ್ಚುತ್ತ, “ನನಗ ಗಿರಣಿ ಹಿಟ್ಟ ಸೇರಂಗಿಲ್ಲಂತ ಗುರುಬಾಯಿ ನಸುಕಿನ್ಯಾಗ ಎದ್ದು ಬೀಸಿದ್ಳು. ಯಾರ್ ಹೇಳ್ಯಾರೋ ಏನೋ. ಪದದಾಗ ನಿನ್ನ ಹೆಸರ ಬಂತು,” ಎಂದರು.

“ಏನಂತ ಹಾಡಿದ್ಳ್ರಿ?”

“ಅದೆಲ್ಲಾ ಯಾರಿಗಿ ನೆನಪಿರ್ತದ. ನಿದ್ದಿಗಣ್ಣಾಗ ಇದ್ದೆ.”

ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟನ್ನು ಬರೆಯಲು ಕನ್ನಡವೂ ಸಾಲದು, ಮರಾಠಿಯೂ ಸಾಲದು. ವಾರ ಕಳೆಯುವುದರೊಳಗೆ ಮಗಳನ್ನು ಕರೆದುಕೊಂಡು ಬೀದರಕ್ಕೆ ಹೋದೆ. ನಸುಕಿನಲ್ಲಿ ಗುರುಬಾಯಿ ಎದ್ದದ್ದು ತಿಳಿಯಿತು. ನಾನು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಮಲಗಿದವಳಂತೆ ಮಲಗಿದೆ. ಕಲ್ಲು ತಿರುಗಿತು. ತೀರಿಹೋದ ಅತ್ತೆ ಬಂದರು, ಉದಗೀರದ ಅಂಗಡಿ ಬಂತು, ನನ್ನ ಮಗಳು ಬಂದಳು. ಇನ್ನು ನನ್ನದೇ ಸರದಿ. ಹಾಡು ನಿಂತಿತು.

“ಅಕ್ಕಾ, ಎಚ್ಚರ ಇದ್ದೀರಿ. ಬರ್ರಿ, ಗೂಟ ಹಿಡೀರಿ.”

ಎದ್ದು ಹೋಗಿ ಹಿಡಿದೆ. ಬೀದರದ ಆ ಓಣಿಯ ಹೆಂಗಸರೆಲ್ಲ ಕೇಳಿದ ನನ್ನ ಹೆಸರನ್ನು ನಾನೊಬ್ಬಳೇ ಇಂದಿಗೂ ಕೇಳಿಲ್ಲ.